ಫ್ರೆಡ್ಡಿ ಮರ್ಕ್ಯುರಿ ಓದಿದ ಪಂಚಗಣಿಗೆ ತುಮಕೂರಿನಿಂದ ಹೋಗುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ತುಮಕೂರಿನ ನಾಲ್ಕು ಜನ ಸ್ನೇಹಿತರು. ಕಾಲೇಜು ದಿನಗಳಿಂದ ಕ್ವೀನ್ ಬ್ಯಾಂಡಿನ ಹಾಡು ಕೇಳಿಕೊಂಡು ಬೆಳೆದವರು. ಆ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಹುಡುಗನಾಗಿದ್ದಾಗ ಓದಿದ ಪಂಚಗಣಿಗೆ ಎರಡು ಸಲ ಹೋಗಿ ಬಂದೆವು. ಒಮ್ಮೆ ಜುಲೈನಲ್ಲಿ, ಒಮ್ಮೆ ಡಿಸೆಂಬರ್‌ನಲ್ಲಿ. ಬಂದ ಮೇಲೆ ಕಾಲೇಜು ಹುಡುಗರು, ಆಫೀಸಿನವರು, ನೆಂಟರು ಎಲ್ಲರೂ ಒಂದೇ ಥರದ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಫ್ರೆಡ್ಡಿ ಮರ್ಕ್ಯುರಿ ಇಂಗ್ಲೆಂಡಿನವನಲ್ವಾ? ಪಂಚಗಣಿಗೂ ಅವನಿಗೂ ಏನು ಸಂಬಂಧ?

ಅವನ ಮೊದಲ ಹೆಸರು ಫಾರೂಖ್ ಬಲ್ಸಾರಾ. ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಆಫ್ರಿಕಾ ಕರಾವಳಿಯ ಜಂಜಿಬಾರ್ ದ್ವೀಪದಲ್ಲಿ. ಅಪ್ಪ ಬೋಮಿ, ಅಮ್ಮ ಜೆರ್, ತಂಗಿ ಕಶ್ಮೀರಾ. ಗುಜರಾತ್ ಮೂಲದ ಪಾರ್ಸಿ ಮನೆತನ. ಅಪ್ಪ ಅಲ್ಲಿ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಕ್ಯಾಷಿಯರ್.

ಎಂಟು ವರ್ಷವಾದಾಗ ಮಗನನ್ನು ಸಮುದ್ರ ದಾಟಿಸಿ ಇಂಡಿಯಾಕ್ಕೆ ಕಳಿಸಿದರು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಪಂಚಗಣಿಯಲ್ಲಿ ಸೇಂಟ್ ಪೀಟರ್ಸ್ ಅನ್ನುವ ಗಂಡುಮಕ್ಕಳ ಬೋರ್ಡಿಂಗ್ ಶಾಲೆಗೆ ಸೇರಿಸಿದರು. 1963ರ ಆರಂಭದಲ್ಲಿ ಅವನು ಜಂಜಿಬಾರ್‌ಗೆ ವಾಪಸ್ ಹೋದ. ಮರುವರ್ಷ ಜನವರಿಯಲ್ಲಿ ಅಲ್ಲಿ ಕ್ರಾಂತಿಯಾಯಿತು. ಮನೆಯವರೆಲ್ಲ ಇಂಗ್ಲೆಂಡಿಗೆ ಹೊರಟುಬಿಟ್ಟರು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ.

ಲೆಕ್ಕ ಹಾಕಿ ನೋಡಿ. ಎಂಟರಿಂದ ಹದಿನಾರರವರೆಗೆ, ಮನುಷ್ಯನ ಸ್ವಭಾವ ಗಟ್ಟಿಯಾಗುವ ವರ್ಷಗಳೆಲ್ಲ, ಪಂಚಗಣಿಯಲ್ಲೇ ಕಳೆದವು. ಅವನ ಬಗ್ಗೆ ಬಂದ 2018ರ "ಬೊಹೀಮಿಯನ್ ರಾಪ್ಸೊಡಿ" ಸಿನಿಮಾ ನೋಡಿ ಬಂದವರಿಗೆ ಇದು ಗೊತ್ತಾಗುವುದೇ ಇಲ್ಲ. ಅದು ಲಂಡನ್ನಿಂದಲೇ ಶುರುವಾಗುತ್ತದೆ.

ಹಾಗಾದರೆ ಪಂಚಗಣಿಯನ್ನು ಅವನ ಊರು ಅನ್ನಬಹುದಾ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ನಮ್ಮಲ್ಲಿ "ಯಾವೂರು?" ಅಂತ ಕೇಳಿದರೆ ಹುಟ್ಟಿದ ಆಸ್ಪತ್ರೆ ಇರುವ ಊರನ್ನು ಯಾರೂ ಹೇಳುವುದಿಲ್ಲ. ತಾತನ ಊರು ಹೇಳುತ್ತೇವೆ. ಆ ಲೆಕ್ಕಕ್ಕೆ ಅವನ ಊರು ಬಲ್ಸಾರ್, ಈಗಿನ ಗುಜರಾತಿನ ವಲ್ಸಾಡ್. ನಮ್ಮ ಗುಬ್ಬಿ ವೀರಣ್ಣನವರ ಹೆಸರಲ್ಲಿ ಗುಬ್ಬಿ ಕೂತಿರುವ ಹಾಗೆ ಬಲ್ಸಾರಾ ಅನ್ನುವ ಹೆಸರಲ್ಲಿ ಬಲ್ಸಾರ್ ಕೂತಿದೆ. ಆದರೆ ಅವನು ಅಲ್ಲಿ ಬೆಳೆಯಲಿಲ್ಲ.

ಹುಟ್ಟಿದ್ದು ಜಂಜಿಬಾರ್. ಹೆಸರು ಮಾಡಿದ್ದು, ತೀರಿಕೊಂಡದ್ದು ಲಂಡನ್. ಬೆಳೆದದ್ದು ಪಂಚಗಣಿ. ಫಾರೂಖ್ ಹೋಗಿ ಫ್ರೆಡ್ಡಿ ಆದದ್ದೂ ಇಲ್ಲೇ, ಈ ಶಾಲೆಯ ಹುಡುಗರ ನಡುವೆ. ಮರ್ಕ್ಯುರಿ ಅನ್ನುವುದನ್ನು ಸುಮಾರು 1970ರಲ್ಲಿ ಲಂಡನ್ನಿನಲ್ಲಿ ಸೇರಿಸಿಕೊಂಡ. ಅಂದರೆ ನಾವು ಪ್ರೀತಿಯಿಂದ ಕೂಗುವ ಹೆಸರಿನ ಮೊದಲ ಅರ್ಧ ಪಂಚಗಣಿ ಕೊಟ್ಟಿದ್ದು. ನಾನಂತೂ ಅದನ್ನು ಅವನ ಊರು ಅಂತಲೇ ಕರೆಯುತ್ತೇನೆ.

ಅಲ್ಲಿ ನೋಡೋಕೆ ಏನಿದೆ? ಮ್ಯೂಸಿಯಂ? ಪ್ರತಿಮೆ?

ಮೊದಲೇ ಹೇಳಿಬಿಡುತ್ತೇನೆ, ನಾವು ಹೋದಾಗ ಅವನ ಪ್ರತಿಮೆಯಾಗಲಿ ಮ್ಯೂಸಿಯಂ ಆಗಲಿ ಕಣ್ಣಿಗೆ ಬೀಳಲಿಲ್ಲ. ಟಿಕೆಟ್ ಕೊಂಡು ಒಳಗೆ ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಅವನ ಜಾಕೆಟ್ ನೋಡುವ ಆಸೆ ಇದ್ದರೆ ಪಂಚಗಣಿಗೆ ಹೋಗಬೇಡಿ, ಬೇಸರವಾಗುತ್ತದೆ.

ಅಲ್ಲಿರುವುದು ಒಬ್ಬ ಹಾಸ್ಟೆಲ್ ಹುಡುಗ ಓಡಾಡಿದ ಊರು. ಶಾಲೆ ಇದೆ. ಹಳೇ ಕಲ್ಲಿನ ಕಟ್ಟಡಗಳಿವೆ. ದೊಡ್ಡ ದೊಡ್ಡ ಮರಗಳಿವೆ. ಸಾಲುಸಾಲು ಬೋರ್ಡಿಂಗ್ ಶಾಲೆಗಳು, ಪೇಟೆ ಬೀದಿ, ಬೆಟ್ಟದ ಮೇಲಿನ ಬಯಲು, ಕೆಳಗೆ ಕೃಷ್ಣಾ ಕಣಿವೆ ಇವೆ.

ತುಮಕೂರಿನವರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ. ನಮ್ಮದು ಹಾಸ್ಟೆಲ್‌ಗಳ ಊರು. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಊಟ, ವಸತಿ, ಓದು ಎಲ್ಲವನ್ನೂ ಉಚಿತವಾಗಿ ಪಡೆಯುತ್ತಾರೆ. ಪಾವಗಡದಿಂದ, ಶಿರಾದಿಂದ, ರಾಯಚೂರಿನ ಕಡೆಯಿಂದ ಟ್ರಂಕು ಹೊತ್ತುಕೊಂಡು ಬಂದ ಮಕ್ಕಳನ್ನು ನಾವು ಜೂನ್ ತಿಂಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನೋಡಿಲ್ವಾ? ನಾನೂ ಹಾಗೆ ಬಂದವನೇ. ಒಂಬತ್ತನೇ ವಯಸ್ಸಿಗೆ ಹಾಸ್ಟೆಲ್ ಸೇರಿದೆ. ಮೊದಲ ವಾರ ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತಿದ್ದು ಇವತ್ತಿಗೂ ನೆನಪಿದೆ. ಆದರೆ ನನ್ನ ಅಮ್ಮ ಬಸ್ಸಿನಲ್ಲಿ ಮೂರು ಗಂಟೆ ದೂರ ಇದ್ದರು. ಆ ಹುಡುಗನ ಅಮ್ಮ ಇಡೀ ಅರಬ್ಬೀ ಸಮುದ್ರದ ಆಚೆ ಇದ್ದರು. ರಜೆ ಬಂದರೆ ಎಲ್ಲರ ಹಾಗೆ ಮನೆಗೆ ಹೋಗಲು ಆಗುತ್ತಿರಲಿಲ್ಲ. ಬೊಂಬಾಯಿಯ ನೆಂಟರ ಮನೆಗೆ ಹೋಗುತ್ತಿದ್ದ.

ಶಾಲೆಯ ಗೇಟಿನ ಎದುರು ನಿಂತಾಗ ನನಗೆ ಕ್ವೀನ್ ಹಾಡು ನೆನಪಾಗಲಿಲ್ಲ. ಆ ದಿಂಬು ನೆನಪಾಯಿತು.

ಶಾಲೆಯೊಳಗೆ ಬಿಡುತ್ತಾರಾ?

ಸೇಂಟ್ ಪೀಟರ್ಸ್ ಈಗಲೂ ನಡೆಯುತ್ತಿರುವ ವಸತಿ ಶಾಲೆ. ನೂರು ವರ್ಷಕ್ಕೂ ಹಳೆಯದು. ಒಳಗೆ ಮಕ್ಕಳು ಮಲಗುತ್ತಾರೆ, ಓದುತ್ತಾರೆ, ಆಡುತ್ತಾರೆ. ಅದು ಪ್ರವಾಸಿ ತಾಣ ಅಲ್ಲ. ನೇರವಾಗಿ ಹೋಗಿ ಗೇಟ್ ತೆಗೆಯಿರಿ ಅಂತ ವಾಚ್‌ಮನ್ ಜತೆ ವಾದ ಮಾಡಬೇಡಿ. ಅವರ ಕೆಲಸ ಅವರು ಮಾಡುತ್ತಿದ್ದಾರೆ.

ಒಳಗೆ ನೋಡಲೇಬೇಕು ಅನ್ನಿಸಿದರೆ ಹೊರಡುವ ಮೊದಲೇ ಶಾಲೆಯ ಕಚೇರಿಗೆ ಬರೆದು ಕೇಳಿ. ಯಾರು, ಎಷ್ಟು ಜನ, ಯಾವ ದಿನ, ಯಾಕೆ ಅಂತ ಸ್ಪಷ್ಟವಾಗಿ ಬರೆಯಿರಿ. ಒಪ್ಪಿದರೆ ಸಂತೋಷ. ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಮಠದ ಮಕ್ಕಳು ಊಟಕ್ಕೆ ಕೂತಾಗ ಯಾರೋ ಬಂದು ಮುಖಕ್ಕೆ ಕ್ಯಾಮೆರಾ ಹಿಡಿದರೆ ನಮಗೆ ಹೇಗನ್ನಿಸುತ್ತದೆ? ಅಲ್ಲೂ ಅಷ್ಟೇ. ಮಕ್ಕಳ ಫೋಟೋ ತೆಗೆಯಲೇಬೇಡಿ. ಗೋಡೆಯ ಮೇಲೆ ಹೆಸರು ಬರೆಯುವುದು, ರಸ್ತೆಯಲ್ಲಿ ಸ್ಪೀಕರ್ ಹಾಕಿ ಕುಣಿಯುವುದು ಬೇಡ.

ನಾವು ಎರಡು ಸಲವೂ ಹೊರಗಿನಿಂದಲೇ ನೋಡಿ ಬಂದೆವು. ಕಡಿಮೆಯಾಯಿತು ಅಂತ ಅನ್ನಿಸಲಿಲ್ಲ.

ಅವನು ಸಂಗೀತ ಕಲಿತದ್ದು ನಿಜವಾಗಿ ಅಲ್ಲೇನಾ?

ಹೌದು. ಪಿಯಾನೋ ಪಾಠ ಏಳನೇ ವಯಸ್ಸಿಗೇ ಶುರುವಾಗಿತ್ತು. ಆದರೆ ಬೇರು ಬಿಟ್ಟದ್ದು ಪಂಚಗಣಿಯಲ್ಲಿ. ಶಾಲೆಯವರು ಹುಡುಗನ ಕಿವಿ ಎಷ್ಟು ಚುರುಕು ಅಂತ ಗಮನಿಸಿದರು. ಸಂಗೀತವನ್ನು ಕ್ರಮವಾಗಿ ಕಲಿಸಬಹುದು ಅಂತ ಅಪ್ಪ ಅಮ್ಮನಿಗೆ ತಿಳಿಸಿದರು. ಅವರು ಫೀಸು ಕಟ್ಟಿ ಒಪ್ಪಿಕೊಂಡರು. ಪಿಯಾನೋದಲ್ಲಿ ನಾಲ್ಕನೇ ಗ್ರೇಡ್‌ವರೆಗೂ ಪಾಸಾದ. ಶಾಲೆಯ ಕ್ವಾಯರ್‌ನಲ್ಲಿ ಹಾಡಿದ, ನಾಟಕಗಳಲ್ಲಿ ಪಾತ್ರ ಮಾಡಿದ. ಟೇಬಲ್ ಟೆನಿಸ್ ಚೆನ್ನಾಗಿ ಆಡುತ್ತಿದ್ದ. ಬಾಕ್ಸಿಂಗ್ ಕೂಡ ಮಾಡುತ್ತಿದ್ದ.

ರೇಡಿಯೋದಲ್ಲಿ ಒಂದು ಹಾಡು ಕೇಳಿದರೆ ಸಾಕು, ಹೋಗಿ ಪಿಯಾನೋದಲ್ಲಿ ಅದನ್ನೇ ನುಡಿಸುತ್ತಿದ್ದ ಅಂತ ಜತೆಗೆ ಓದಿದವರು ಹೇಳಿದ್ದಾರೆ. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಪಾಶ್ಚಾತ್ಯ ಹಾಡು ಬೇಕೆಂದರೆ ಜನ ರೇಡಿಯೋ ಸಿಲೋನ್ ಹಾಕುತ್ತಿದ್ದರು. ನೋಟ್ಸ್ ಸಿಗುವುದಿಲ್ಲ, ರೆಕಾರ್ಡ್ ಸಿಗುವುದಿಲ್ಲ, ಮತ್ತೆ ಕೇಳೋಣ ಅಂದರೆ ಗುಂಡಿ ಒತ್ತುವ ಹಾಗಿಲ್ಲ. ಒಂದೇ ಸಲಕ್ಕೆ ಕಿವಿಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ನಮ್ಮ ಕಡೆ ಕಂಪನಿ ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳು ಹಾಗೇ ಕಲಿತವರಲ್ವಾ? ಕೇಳಿ ಕಲಿಯುವ ಆ ಅಭ್ಯಾಸ ದೊಡ್ಡದು. ಮುಂದೆ "ಬೊಹೀಮಿಯನ್ ರಾಪ್ಸೊಡಿ" ಅನ್ನುವ ಒಂದೇ ಹಾಡಿನಲ್ಲಿ ಅಪೆರಾ, ರಾಕ್, ಪಿಯಾನೋ ಎಲ್ಲ ಕೂಡಿಸುವ ಧೈರ್ಯ 1975ರಲ್ಲಿ ಅವನಿಗೆ ಬಂದದ್ದರ ಹಿಂದೆ ಈ ಕಿವಿ ಇದೆ ಅಂತ ನನಗನ್ನಿಸುತ್ತದೆ.

ಶಾಲೆಯಲ್ಲೇ ಬ್ಯಾಂಡ್ ಮಾಡಿದ್ದನಂತೆ?

ಮಾಡಿದ್ದ. ಹೆಸರು ದಿ ಹೆಕ್ಟಿಕ್ಸ್. ಆಗ ಅವನಿಗೆ ಹನ್ನೆರಡು ವರ್ಷ. ಐದು ಹುಡುಗರ ತಂಡ. ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಹಾಡುಗಳನ್ನು ಶಾಲೆಯ ಕಾರ್ಯಕ್ರಮಗಳಲ್ಲಿ ಹಾಡುತ್ತಿದ್ದರು. ನನಗೆ ಅಚ್ಚರಿಯಾದ ವಿಷಯ ಒಂದಿದೆ. ಅಲ್ಲಿ ಮುಂದೆ ನಿಂತು ಹಾಡುತ್ತಿದ್ದವನು ಫ್ರೆಡ್ಡಿ ಅಲ್ಲ, ಬ್ರೂಸ್ ಮರ್ರೆ ಅನ್ನುವ ಹುಡುಗ. ಫ್ರೆಡ್ಡಿ ಪಿಯಾನೋ ನುಡಿಸುತ್ತಾ ದನಿಗೂಡಿಸುತ್ತಿದ್ದ. ಅದೇ ಹುಡುಗ 1985ರ ಜುಲೈ 13ರಂದು ಲೈವ್ ಏಡ್ ಸಂಗೀತ ಕಾರ್ಯಕ್ರಮದಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ತುಂಬ ಇದ್ದ ಸುಮಾರು 72,000 ಜನರನ್ನು ಒಂದೊಂದು ಸ್ವರಕ್ಕೂ ಕೂಗಿಸಿದ.

ಹೆಕ್ಟಿಕ್ಸ್‌ನ ಇನ್ನಿಬ್ಬರ ಬಗ್ಗೆಯೂ ಹೇಳಬೇಕು. ಡೆರಿಕ್ ಬ್ರಾಂಚ್ ಇಂಗ್ಲೆಂಡಿನಲ್ಲಿ ನಟನಾದ. ವಿಕ್ಟರಿ ರಾಣಾ ನೇಪಾಳ ಸೇನೆಯಲ್ಲಿ ಜನರಲ್ ಆಗಿ, ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸಿದ. ಒಂದೇ ಹಾಸ್ಟೆಲ್‌ನ ಮಕ್ಕಳು!

ಹಲ್ಲಿನ ವಿಷಯ ನಿಜವಾ?

ನಿಜ. ಬಾಯಲ್ಲಿ ನಾಲ್ಕು ಹಲ್ಲು ಜಾಸ್ತಿ ಇದ್ದವು. ಅದರಿಂದ ಮುಂದಿನ ಹಲ್ಲುಗಳು ಉಬ್ಬಿದ್ದವು. ಶಾಲೆಯ ಹುಡುಗರು "ಬಕ್ಕಿ", ಅಂದರೆ ಉಬ್ಬುಹಲ್ಲಿನವನು, ಅಂತ ರೇಗಿಸುತ್ತಿದ್ದರು. ದೊಡ್ಡವನಾಗಿ ದುಡ್ಡು ಬಂದ ಮೇಲೂ ಸರಿ ಮಾಡಿಸಿಕೊಳ್ಳಲಿಲ್ಲ. ದನಿ ಕೆಟ್ಟುಹೋದೀತು ಅನ್ನುವ ಭಯ ಅವನಿಗಿತ್ತು. ಅಡ್ಡಹೆಸರು ಹೊತ್ತು ಹಾಸ್ಟೆಲ್ ಮುಗಿಸಿದ ಪ್ರತಿ ಮಗುವಿಗೂ ನಾನು ಈ ವಿಷಯ ಹೇಳುತ್ತೇನೆ.

ತುಮಕೂರಿನಿಂದ ಹೋಗುವುದು ಹೇಗೆ?

ನಮಗೆ ಇದೊಂದು ಅನುಕೂಲ. ನಮ್ಮೂರ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48, ಹಳಬರು ಈಗಲೂ ಎನ್‌ಎಚ್ ಫೋರ್ ಅನ್ನುವ ಪುಣೆ ರಸ್ತೆ, ಸಾತಾರಾ ಮೇಲೇ ಹೋಗುತ್ತದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಗಾಡಿ ಹತ್ತಿದರೆ ದಾರಿ ತಪ್ಪುವ ಮಾತೇ ಇಲ್ಲ. ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ನಿಪ್ಪಾಣಿ. ಗಡಿ ದಾಟಿದರೆ ಕೊಲ್ಹಾಪುರ, ಕರಾಡ, ಸಾತಾರಾ. ಸಾತಾರಾ ದಾಟಿದ ಮೇಲೆ ಪಾಚವಡ ಹತ್ತಿರ ಹೆದ್ದಾರಿ ಬಿಟ್ಟು ಎಡಕ್ಕೆ ವಾಯಿ ಊರಿನ ಕಡೆ ತಿರುಗಬೇಕು. ವಾಯಿಯಿಂದ ಪಸರ್ಣಿ ಘಾಟ್ ಹತ್ತಿದರೆ ಪಂಚಗಣಿ. ಘಾಟ್ ಸುಮಾರು 12 ಕಿ.ಮೀ. ಒಟ್ಟು ದೂರ ಸುಮಾರು 700 ಕಿ.ಮೀ.

ಕಾರಿನಲ್ಲಿ ಹೋಗುವವರು ಒಂದೇ ದಿನಕ್ಕೆ ಓಡಿಸುವ ಹಟ ಮಾಡಬೇಡಿ. ಮೊದಲ ಸಲ ನಾವು ಹಾಗೆ ಮಾಡಿ, ಘಾಟ್ ಹತ್ತುವ ಹೊತ್ತಿಗೆ ಕತ್ತಲಾಗಿ, ಮಂಜು ಮುಚ್ಚಿ, ಮುಂದಿನ ಗಾಡಿಯ ಕೆಂಪು ದೀಪವೂ ಕಾಣದೆ ತುಂಬಾ ಹೆದರಿದ್ದೆವು. ಎರಡನೇ ಸಲ ಬೆಳಗಾವಿಯಲ್ಲಿ ರಾತ್ರಿ ಉಳಿದೆವು. ಅದೇ ಸರಿ.

ಬಸ್ಸಿನಲ್ಲಾದರೆ ಬೆಂಗಳೂರಿನಿಂದ ಪುಣೆಗೆ ಹೋಗುವ ರಾತ್ರಿ ಬಸ್ ಹಿಡಿದು ಸಾತಾರಾದಲ್ಲಿ ಇಳಿಯಿರಿ. ಬುಕ್ ಮಾಡುವಾಗ ತುಮಕೂರಿನಲ್ಲಿ ಎಲ್ಲಿ ಹತ್ತಿಸಿಕೊಳ್ಳುತ್ತಾರೆ, ಸಾತಾರಾ ಊರೊಳಗೆ ಬಿಡುತ್ತಾರಾ ಅಥವಾ ಹೆದ್ದಾರಿಯಲ್ಲೇ ಬಿಡುತ್ತಾರಾ ಅಂತ ಎರಡನ್ನೂ ಕೇಳಿಕೊಳ್ಳಿ. ಸಾತಾರಾ ಬಸ್ ಸ್ಟ್ಯಾಂಡಿನಿಂದ ಮಹಾರಾಷ್ಟ್ರ ಸಾರಿಗೆಯ ಬಸ್‌ಗಳು ಸಿಗುತ್ತವೆ. ಅಲ್ಲಿಯವರು ಅದನ್ನು "ಎಸ್‌ಟಿ" ಅನ್ನುತ್ತಾರೆ. ವಾಯಿ ಮೇಲೆ ಮಹಾಬಲೇಶ್ವರಕ್ಕೆ ಹೋಗುವ ಬಸ್ ಪಂಚಗಣಿಯಲ್ಲಿ ನಿಲ್ಲುತ್ತದೆ.

ರೈಲು?

ತುಮಕೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಮೀರಜ್‌ವರೆಗೆ ಹೋಗಿ, ಅಲ್ಲಿಂದ ಪುಣೆ ಕಡೆಯ ರೈಲು ಹಿಡಿದು ಸಾತಾರಾದಲ್ಲಿ ಇಳಿಯಬಹುದು. ಸಾತಾರಾ ಸ್ಟೇಷನ್ ಊರಿಂದ ಸ್ವಲ್ಪ ದೂರ ಇದೆ, ಆಟೋ ಬೇಕು. ವಯಸ್ಸಾದವರು ಜತೆಗಿದ್ದರೆ ರೈಲೇ ಒಳ್ಳೆಯದು.

ಬಸ್ ಬೋರ್ಡಿನಲ್ಲಿ ಪಂಚಗಣಿ ಅಂತ ಇರಲ್ಲ ಅಂತಾರಲ್ಲ?

ಮರಾಠಿಯಲ್ಲಿ ಆ ಊರಿನ ಹೆಸರು ಪಾಚಗಣಿ. ಬೋರ್ಡಿನಲ್ಲೂ ಹಾಗೇ ಇರುತ್ತದೆ, ಜನರ ಬಾಯಲ್ಲೂ ಹಾಗೇ. "ಪಾಚಗಣಿಲಾ ಜಾಣಾರ್ ಕಾ?" ಅಂತ ಕೇಳಿದರೆ ಕಂಡಕ್ಟರ್ ಖುಷಿಯಾಗಿ ಹತ್ತಿಸಿಕೊಳ್ಳುತ್ತಾರೆ. ಹಿಂದಿ ಸಾಕಾಗುತ್ತದೆ. ಬೆಳಗಾವಿ ಕಡೆಯ ಸ್ನೇಹಿತರು ಯಾರಾದರೂ ಜತೆಗಿದ್ದರೆ ಇನ್ನೂ ಚೆನ್ನ.

ಯಾವ ತಿಂಗಳಲ್ಲಿ ಹೋಗಬೇಕು?

ಡಿಸೆಂಬರ್‌ನಿಂದ ಫೆಬ್ರವರಿ. ಆಕಾಶ ತಿಳಿಯಾಗಿರುತ್ತದೆ, ಕಣಿವೆ ಪೂರ್ತಿ ಕಾಣುತ್ತದೆ, ಸ್ಟ್ರಾಬೆರಿ ಬಂದಿರುತ್ತದೆ. ಊರು ಸುಮಾರು 1,300 ಮೀಟರ್ ಎತ್ತರದಲ್ಲಿದೆ. ನಮ್ಮ ದೇವರಾಯನದುರ್ಗದ ಚಳಿ ನೆನೆಸಿಕೊಂಡು ತೆಳ್ಳನೆ ಸ್ವೆಟರ್ ಹಾಕಿಕೊಂಡು ಹೋದರೆ ರಾತ್ರಿ ನಡುಗುತ್ತೀರಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಪಕ್ಕದ ಮಹಾಬಲೇಶ್ವರ ದೇಶದಲ್ಲೇ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಒಂದು. ಪಂಚಗಣಿ ಘಟ್ಟದ ಪೂರ್ವದ ಕಡೆಗಿರುವುದರಿಂದ ಅಲ್ಲಿಗಿಂತ ಬಹಳ ಕಡಿಮೆ. ಆದರೂ ನಮ್ಮ ಬಯಲುಸೀಮೆಯವರಿಗೆ ಅದೇ ಜೋರು. ನಾವು ಜುಲೈನಲ್ಲಿ ಹೋದಾಗ ಎರಡು ದಿನ ಮಂಜು ಬಿಡಲೇ ಇಲ್ಲ. ಹತ್ತು ಹೆಜ್ಜೆ ಆಚೆ ಏನೂ ಕಾಣಲಿಲ್ಲ. ಅವನ ಊರು ನೋಡೋಣ ಅಂತ ಹೋಗಿ ಬಿಳಿ ಗೋಡೆ ನೋಡಿ ಬಂದಂತಾಯಿತು. ಆದರೂ ಒಂದು ಮಾತು ಹೇಳಬೇಕು. ಆ ಮಂಜಿನೊಳಗಿಂದ ಯಾವುದೋ ಶಾಲೆಯ ಗಂಟೆ ಕೇಳಿಸಿತು. ಎಂಟು ವರ್ಷದ ಹುಡುಗ ಮೊದಲ ಮಳೆಗಾಲದಲ್ಲಿ ಇಲ್ಲಿ ಹೇಗಿದ್ದಿರಬಹುದು ಅಂತ ಆಗಲೇ ಯೋಚನೆ ಬಂದದ್ದು. ಬಿಸಿಲಿನಲ್ಲಿ ಬರಲಿಲ್ಲ.

ಅವನ ಹುಟ್ಟಿದ ದಿನಕ್ಕೆ ಹೋದರೆ?

ಸೆಪ್ಟೆಂಬರ್ 5 ನಮ್ಮ ದೇಶದಲ್ಲಿ ಶಿಕ್ಷಕರ ದಿನ. ಶಾಲೆಗಳಲ್ಲಿ ಅವರದೇ ಕಾರ್ಯಕ್ರಮ ಇರುತ್ತವೆ. ಅವತ್ತು ಹೋಗಿ ತೊಂದರೆ ಕೊಡುವುದು ಸರಿಯಲ್ಲ. ಆ ತಿಂಗಳಲ್ಲೇ ಹೋಗಬೇಕು ಅನ್ನುವವರು ತಿಂಗಳ ಕೊನೆಗೆ ಹೋಗಿ. ಮಳೆ ಇಳಿದಿರುತ್ತದೆ, ಸಾತಾರಾ ಹತ್ತಿರದ ಕಾಸ್ ಪ್ರಸ್ಥಭೂಮಿಯಲ್ಲಿ ಹೂವಿನ ಹಾಸು ಬಿಚ್ಚಿರುತ್ತದೆ. ಅವನು ತೀರಿಕೊಂಡ ದಿನ ನವೆಂಬರ್ 24. ಆ ಹೊತ್ತಿಗೆ ಹವೆ ಚೆನ್ನಾಗಿರುತ್ತದೆ. ನಮ್ಮ ಮುಂದಿನ ಪ್ರಯಾಣ ಅದೇ ವಾರಕ್ಕೆ ಅಂತ ಮಾತಾಡಿಕೊಂಡಿದ್ದೇವೆ.

ಶಾಲೆ ಬಿಟ್ಟು ಊರಿನಲ್ಲಿ ಇನ್ನೇನು ನೋಡಬೇಕು?

ಟೇಬಲ್ ಲ್ಯಾಂಡ್. ಊರಿನ ತಲೆಯ ಮೇಲೆ ಹಲಗೆ ಹಾಸಿದ ಹಾಗೆ ಇರುವ ಸಪಾಟು ಬಯಲು. ಜಂಬಿಟ್ಟಿಗೆ ಕಲ್ಲಿನದು. ಕುದುರೆಯವರು ಮೇಲೆ ಬೀಳುತ್ತಾರೆ. ಬೇಡ ಅಂದರೆ ಬೇಡ ಅನ್ನಿ, ನಡೆದುಕೊಂಡೇ ಹೋಗಿ. ಬೆಳಗ್ಗೆ ಬೇಗ ಹೋದರೆ ಜನ ಇರುವುದಿಲ್ಲ. ಅಂಚಿನಲ್ಲಿ ನಿಂತರೆ ಪಂಚಗಣಿಯ ಕೆಂಪು ಹೆಂಚು, ಆಟದ ಮೈದಾನಗಳು, ಮರಗಳು ಕೆಳಗೆ ಕಾಣುತ್ತವೆ. ಒಂದು ಮೈದಾನದಲ್ಲಿ ಬಿಳಿ ಬಟ್ಟೆಯ ಮಕ್ಕಳು ಸಾಲಾಗಿ ಓಡುತ್ತಿದ್ದರು. ಇಷ್ಟು ದೂರದಿಂದ ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರೆ.

ಪಾರ್ಸಿ ಪಾಯಿಂಟ್, ಸಿಡ್ನಿ ಪಾಯಿಂಟ್ ಎರಡರಿಂದಲೂ ಕೃಷ್ಣಾ ಕಣಿವೆ, ಧೋಮ್ ಅಣೆಕಟ್ಟಿನ ನೀರು ಕಾಣುತ್ತದೆ. ಅದೇ ನಮ್ಮ ಕೃಷ್ಣೆ. ಮಹಾಬಲೇಶ್ವರದಲ್ಲಿ ಹುಟ್ಟಿ, ಇಲ್ಲಿ ಹಾದು, ಕರಾಡದಲ್ಲಿ ಕೊಯ್ನಾ ಸೇರಿಸಿಕೊಂಡು, ಆಮೇಲೆ ನಮ್ಮ ಆಲಮಟ್ಟಿಗೆ ಬರುವವಳು. ನನ್ನ ಜತೆಗಿದ್ದ ವಿಜಯಪುರದ ಗೆಳೆಯ ಪಾರ್ಸಿ ಪಾಯಿಂಟಿನಲ್ಲಿ ಆ ನೀರು ನೋಡಿ ಕೈ ಮುಗಿದ.

ಪಂಚಗಣಿಯಲ್ಲಿ ಪಾರ್ಸಿಗಳ ನೆನಪು ಎಲ್ಲ ಕಡೆ ಇದೆ. ಬೊಂಬಾಯಿಯ ಪಾರ್ಸಿ ಮನೆತನಗಳು ಬೇಸಿಗೆಗೆ ಇಲ್ಲಿ ಬರುತ್ತಿದ್ದವು. ಬಂಗಲೆ ಕಟ್ಟಿಸಿದವು. ಜಂಜಿಬಾರ್‌ನ ಒಂದು ಪಾರ್ಸಿ ಮನೆ ಮಗನನ್ನು ಇಷ್ಟು ದೂರ ಕಳಿಸುವ ಧೈರ್ಯ ಮಾಡಿದ್ದಕ್ಕೆ ಇದೂ ಒಂದು ಕಾರಣ ಇದ್ದಿರಬೇಕು. ಒಂದು ಸೂಚನೆ. ಪಾರ್ಸಿಗಳ ಅಗ್ನಿ ಮಂದಿರದೊಳಗೆ ಬೇರೆಯವರಿಗೆ ಪ್ರವೇಶವಿಲ್ಲ. ಎಲ್ಲಾದರೂ ಕಂಡರೆ ಹೊರಗಿನಿಂದಲೇ ಗೌರವದಿಂದ ನೋಡಿ.

ಹಾಸ್ಟೆಲ್‌ಗೆ ಕಳಿಸಿದ ಹುಡುಗನ ಕಥೆ ಹೇಳುವ 2007ರ ಆಮಿರ್ ಖಾನ್ ಸಿನಿಮಾ "ತಾರೇ ಜಮೀನ್ ಪರ್" ನೆನಪಿದೆಯಲ್ಲ? ಅದರ ಶಾಲೆಯೂ ಈ ಊರಿನದೇ, ನ್ಯೂ ಎರಾ ಶಾಲೆ.

ಅವನಿಗೆ ಏಡ್ಸ್ ಇತ್ತಲ್ವಾ? ಮನೆಯಲ್ಲಿ ಹಿರಿಯರು "ಅಂಥವನ ಊರಿಗೆ ಯಾಕೆ" ಅಂತಾರೆ. ಏನು ಹೇಳಲಿ?

ಇದ್ದದ್ದು ನಿಜ. 1991ರ ನವೆಂಬರ್ 23ರಂದು ತನಗೆ ಏಡ್ಸ್ ಇದೆ ಅಂತ ಪ್ರಕಟಣೆ ಕೊಟ್ಟ. ಮರುದಿನ ಲಂಡನ್ನಿನ ಮನೆಯಲ್ಲಿ ತೀರಿಕೊಂಡ. 45 ವರ್ಷ. ಇವತ್ತು ಎಚ್‌ಐವಿಗೆ ಎಆರ್‌ಟಿ ಮಾತ್ರೆ ಇದೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಅದು ಉಚಿತ. ಮಾತ್ರೆ ತಪ್ಪದೆ ತೆಗೆದುಕೊಂಡರೆ ಎಲ್ಲರ ಹಾಗೆ ಪೂರ್ತಿ ಬದುಕು ಬದುಕಬಹುದು. ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಪರಿಣಾಮಕಾರಿ ಚಿಕಿತ್ಸೆ ಬಂದದ್ದು 1996ರ ಹೊತ್ತಿಗೆ. ಐದು ವರ್ಷ ಮೊದಲೇ ಅವನು ಹೊರಟುಹೋದ.

ನಮ್ಮ ಚಿಕ್ಕಮ್ಮ ಇದೇ ಪ್ರಶ್ನೆ ಕೇಳಿದ್ದರು. ನಾನು ಅವರಿಗೆ ಪಂಚಗಣಿಯ ಬೆಲ್ ಏರ್ ಆಸ್ಪತ್ರೆಯ ವಿಷಯ ಹೇಳಿದೆ. ಒಳ್ಳೆ ಗಾಳಿ ಇದೆ ಅಂತ ಕ್ಷಯರೋಗಿಗಳಿಗಾಗಿ ಆ ಬೆಟ್ಟದಲ್ಲಿ ಕಟ್ಟಿದ ಆಸ್ಪತ್ರೆ ಅದು. ಮುಂದೆ ಎಚ್‌ಐವಿ ಇರುವವರ ಆರೈಕೆಗೂ ಹೆಸರಾಯಿತು. ಅವನು ಹುಡುಗನಾಗಿ ಓಡಾಡಿದ ಅದೇ ಊರಿನಲ್ಲಿ! ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಆ ತಾಯಿ ಮಗನನ್ನ ಎರಡು ಸಲ ಕಳಕೊಂಡ್ಳು" ಅಂದರು. ಒಮ್ಮೆ ಹಾಸ್ಟೆಲ್‌ಗೆ, ಒಮ್ಮೆ ಸಾವಿಗೆ. ಜೆರ್ ಬಲ್ಸಾರಾ ಮಗ ಹೋದ ಮೇಲೂ 25 ವರ್ಷ ಬದುಕಿದ್ದರು. 2016ರಲ್ಲಿ ತೀರಿಕೊಂಡರು.

ಅವನು ಇಂಡಿಯಾವನ್ನು ಮುಚ್ಚಿಟ್ಟಿದ್ದ ಅಂತಾರೆ. ನಾವ್ಯಾಕೆ ನಮ್ಮವನು ಅನ್ನಬೇಕು?

ಸಂದರ್ಶನಗಳಲ್ಲಿ ಬಾಲ್ಯದ ಬಗ್ಗೆ ಅವನು ಕಡಿಮೆ ಮಾತಾಡಿದ್ದು ನಿಜ. ಅದಕ್ಕೆ ಬೇಜಾರು ಮಾಡಿಕೊಳ್ಳುವವರಿದ್ದಾರೆ. ನಾನು ಮಾಡಿಕೊಳ್ಳುವುದಿಲ್ಲ. 1960, 70ರ ಇಂಗ್ಲೆಂಡಿನಲ್ಲಿ ಕಂದು ಚರ್ಮದ ಹುಡುಗ ರಾಕ್ ಬ್ಯಾಂಡಿನ ಮುಂದೆ ನಿಲ್ಲುವುದು ಸಣ್ಣ ವಿಷಯವಾಗಿರಲಿಲ್ಲ. ಹಾಸ್ಟೆಲ್‌ನಲ್ಲಿ ಬೆಳೆದ ಎಷ್ಟೋ ಜನ ಆ ದಿನಗಳ ಬಗ್ಗೆ ಬಾಯಿ ಬಿಡುವುದಿಲ್ಲ. ನನ್ನ ಹೆಂಡತಿಗೆ ನನ್ನ ದಿಂಬಿನ ಕಥೆ ಗೊತ್ತಾದದ್ದು ಮದುವೆಯಾಗಿ ಆರು ವರ್ಷಕ್ಕೆ, ಪಂಚಗಣಿಯಿಂದ ಬಂದ ಮೇಲೆ. ಮಾತಾಡದೇ ಇರುವುದು ಬೇರೆ, ನಾಚಿಕೆಪಡುವುದು ಬೇರೆ. ಅವನನ್ನು ನಮ್ಮವನು ಅಂತ ಎಳೆದಾಡುವುದೂ ಬೇಡ. ಇಲ್ಲಿ ಬೆಳೆದ ಅನ್ನುವುದು ಸಾಕು.

ಊಟ ತಿಂಡಿ?

ಸಸ್ಯಾಹಾರಿಗಳಿಗೆ ಏನೂ ಕಷ್ಟವಿಲ್ಲ. ಮಿಸಳ್, ವಡಾಪಾವ್, ಝುಣಕಾ ಭಾಕರಿ ಎಲ್ಲ ಸಿಗುತ್ತವೆ. ಅನ್ನ ಸಾರು ಇಲ್ಲದೆ ಆಗುವುದಿಲ್ಲ ಅನ್ನುವವರು ಚಟ್ನಿಪುಡಿ ಕಟ್ಟಿಕೊಳ್ಳಿ. ಮಹಾಬಲೇಶ್ವರದ ರಸ್ತೆಯಲ್ಲಿ ಸ್ಟ್ರಾಬೆರಿ, ಕೆನೆ ಹಾಕಿ ಕೊಡುತ್ತಾರೆ. ಬರುವಾಗ ಸಾತಾರಾದ ಕಂದಿ ಪೇಡಾ ತನ್ನಿ. ಧಾರವಾಡ ಪೇಡೆಯ ಮುಂದೆ ಅದು ಕಡಿಮೆಯೇ, ಆದರೂ ತನ್ನಿ.

ಜಂಜಿಬಾರ್, ಲಂಡನ್ ನೋಡಿದರೆ ಸಾಲದಾ?

ಹೋಗುವ ಶಕ್ತಿ ಇದ್ದರೆ ಖಂಡಿತ ಹೋಗಿ. ಜಂಜಿಬಾರ್‌ನ ಸ್ಟೋನ್ ಟೌನ್‌ನಲ್ಲಿ 2019ರಿಂದ ಅವನ ಮ್ಯೂಸಿಯಂ ಇದೆ. ಲಂಡನ್ ಹತ್ತಿರದ ಫೆಲ್ಟಮ್‌ನಲ್ಲಿ ಮನೆಯವರು ಬಂದು ನೆಲೆಸಿದ ಮನೆಗೆ 2016ರಲ್ಲಿ ನೀಲಿ ಫಲಕ ಹಾಕಿದ್ದಾರೆ. ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಕೆರೆ ದಂಡೆಯ ಮೇಲೆ, ಕೈ ಎತ್ತಿ ನಿಂತಿರುವ ಪ್ರತಿಮೆ 1996ರಿಂದ ಇದೆ. ಆದರೆ ಆ ಜಾಗಗಳಿಗೆಲ್ಲ ಪಾಸ್‌ಪೋರ್ಟ್ ಬೇಕು. ಪಂಚಗಣಿಗೆ ಒಂದು ರಾತ್ರಿ ಬಸ್ ಸಾಕು. ಡಿಗ್ರಿ ಓದುವ ಹುಡುಗರು ಉಳಿಸಿದ ದುಡ್ಡಿನಲ್ಲಿ ಹೋಗಬಹುದಾದದ್ದು ಇದೊಂದೇ.

ನನಗೆ ಕ್ವೀನ್‌ನ ಎರಡೇ ಹಾಡು ಗೊತ್ತು. ಹೋಗಬಹುದಾ?

ಹೋಗಿ. ನಮ್ಮ ನಾಲ್ವರಲ್ಲಿ ಒಬ್ಬನಿಗೆ ಒಂದೂ ಗೊತ್ತಿರಲಿಲ್ಲ. ಡ್ರೈವಿಂಗ್ ಬರುತ್ತದೆ ಅಂತ ಕರೆದುಕೊಂಡು ಹೋದೆವು. ಈಗ ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ಅವನ ಕಾರಿನಿಂದ ಅದೇ ದನಿ ಕೇಳಿಸುತ್ತದೆ.

ಶನಿವಾರ, ಭಾನುವಾರ ಮಾತ್ರ ರಜೆ. ಆಗುತ್ತದಾ?

ಆಗುತ್ತದೆ, ಆದರೆ ಬಿಗಿಯಾಗುತ್ತದೆ. ಶುಕ್ರವಾರ ಸಂಜೆ ಬಸ್ ಹತ್ತಿ. ಶನಿವಾರ ಬೆಳಗ್ಗೆ ಸಾತಾರಾ, ಮಧ್ಯಾಹ್ನದೊಳಗೆ ಪಂಚಗಣಿ. ಸಾಮಾನು ಇಟ್ಟು ಶಾಲೆಯ ರಸ್ತೆ, ಪೇಟೆ ಬೀದಿ ನಡೆದು ನೋಡಿ. ಸಂಜೆ ಪಾರ್ಸಿ ಪಾಯಿಂಟ್. ಭಾನುವಾರ ಬೆಳಗ್ಗೆ ಬಿಸಿಲೇರುವ ಮೊದಲು ಟೇಬಲ್ ಲ್ಯಾಂಡ್. ಮಹಾಬಲೇಶ್ವರದ ಆಸೆ ಬಿಡಿ, ಅದು 20 ಕಿ.ಮೀ. ದೂರವೇ ಆದರೂ ಭಾನುವಾರದ ಟ್ರಾಫಿಕ್‌ನಲ್ಲಿ ಅರ್ಧ ದಿನ ನುಂಗುತ್ತದೆ. ಮಧ್ಯಾಹ್ನ ಎಸ್‌ಟಿ ಹಿಡಿದು ಇಳಿಯಿರಿ. ಸಮಯ ಉಳಿದರೆ ವಾಯಿಯಲ್ಲಿ ಕೃಷ್ಣಾ ದಂಡೆಯ ಢೋಲ್ಯಾ ಗಣಪತಿಗೆ ಕೈ ಮುಗಿದು ಬನ್ನಿ. ಪುಣೆಯಿಂದ ಬೆಂಗಳೂರಿಗೆ ಬರುವ ರಾತ್ರಿ ಬಸ್ ಸಾತಾರಾದಲ್ಲಿ ಹತ್ತಿದರೆ ಸೋಮವಾರ ಬೆಳಗ್ಗೆ ತುಮಕೂರು. ಕಂಡಕ್ಟರ್‌ಗೆ ರಾತ್ರಿಯೇ ಹೇಳಿ ಮಲಗಿ, ಇಲ್ಲದಿದ್ದರೆ ನೆಲಮಂಗಲದಲ್ಲಿ ಎಚ್ಚರವಾಗುತ್ತದೆ.